ಅಡುಗೆಮನೆಗೆ ಬಂದ ಕರೆ

ಒಲೆಯ ಮೇಲೆ ಹಿಟ್ಟು ಕುದಿಯುತ್ತಿರುವಾಗಲೇ ಫೋನು ಹೊಡೆದುಕೊಂಡಿತು. ಸಿದ್ದಗಂಗಮ್ಮ ಅದನ್ನು ಕಿವಿಗಿಟ್ಟವಳೇ "ಒಂದ್ನಿಮಿಷ ತಡೀರಿ, ಬಂದೆ" ಎಂದು, ಮುದ್ದೆ ಕೋಲನ್ನೂ ಕೆಳಗಿಡದೆ ಊರ ಹಿಂದಿನ ಬಂಡೆಗೆ ಓಡಿದಳು. ಚನ್ನರಾಯನದುರ್ಗದ ತಪ್ಪಲಿನ ಆ ಊರಿನಲ್ಲಿ ಇಷ್ಟು ವರ್ಷ ಸಿಗ್ನಲ್ ಸಿಗುತ್ತಿದ್ದದ್ದು ಆ ಬಂಡೆಯ ನೆತ್ತಿಯಲ್ಲಿ ಮಾತ್ರ.

"ಈಗ ಹೇಳಿ" ಎಂದಳು ಏದುಸಿರು ಬಿಡುತ್ತಾ.

ಕರೆ ಮಾಡಿದ್ದು ಟೆಲಿಫೋನ್ ಅಧಿಕಾರಿ. ಹೋದ ವರ್ಷ ಕೊರಟಗೆರೆಯ ಅಹವಾಲು ಸಭೆಯಲ್ಲಿ ಆತ ನಕ್ಷೆ ಹರಡಿ, "ನಿಮ್ಮೂರಲ್ಲಿ ಸಿಗ್ನಲ್ ಇದೆಯಮ್ಮ" ಎಂದಿದ್ದ. "ನಕ್ಷೆ ನೋಡಿ ಸಿಗ್ನಲ್ ಐತೆ ಅಂತ ಬರೀಬ್ಯಾಡಿ ಸ್ವಾಮಿ, ನನ್ನ ಅಡುಗೆಮನೆಗೆ ಫೋನ್ ಮಾಡಿ ಬರೀರಿ" ಎಂದು ತುಂಬಿದ ಸಭೆಯಲ್ಲಿ ಪಟ್ಟು ಹಿಡಿದವಳು ಇವಳೇ. ಹೊಸ ಟವರ್ ನಿನ್ನೆಯಷ್ಟೇ ಶುರುವಾಗಿತ್ತು.

"ಎಲ್ಲಿಂದ ಮಾತಾಡ್ತಿದ್ದೀರಮ್ಮ?"

"ಬಂಡೆ ಮ್ಯಾಲಿಂದ ಕಣ್ ಸ್ವಾಮಿ."

"ಅಯ್ಯೋ, ಇನ್ನೂ ಬಂಡೆ ಹತ್ತಬೇಕಾ?" ಅಧಿಕಾರಿಯ ದನಿ ಕುಗ್ಗಿತು.

ಸಿದ್ದಗಂಗಮ್ಮ ಕೈಯಲ್ಲಿದ್ದ ಕೋಲು ನೋಡಿದಳು. ಫೋನು ಹೊಡೆದುಕೊಂಡದ್ದು ಒಲೆಯ ಪಕ್ಕದಲ್ಲಲ್ಲವೇ! "ಏನೂ ಬರ್ಕಬ್ಯಾಡಿ, ಫೋನೂ ಇಡಬ್ಯಾಡಿ!" ಎಂದು ಕೂಗಿ, ಸೆರಗು ಸಿಕ್ಕಿಸಿ ಬಂಡೆ ಇಳಿಯತೊಡಗಿದಳು.

ಹುಣಸೆಮರದ ಬಳಿ ನಿಂತು "ಕೇಳುಸ್ತೈತಾ?" ಎಂದಳು. "ಕೇಳಿಸ್ತಿದೆ." ದನದ ಕೊಟ್ಟಿಗೆ ದಾಟಿ ಮತ್ತೆ ಕೇಳಿದಳು. "ಕೇಳಿಸ್ತಿದೆಯಮ್ಮ!" ಈಗ ಆತನ ದನಿಯಲ್ಲೂ ನಗು.

ಹೊಸಿಲು ದಾಟಿ ಒಲೆಯ ಮುಂದೆ ಕೂತಳು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದಳು.

"ಅದೇನಮ್ಮ ಸದ್ದು?"

"ಮುದ್ದೆ ತಿರುವ್ತಾ ಇದೀನಿ ಸ್ವಾಮಿ. ಈಗ ಬರ್ಕಳಿ."