ಬಿಸಿಲಿನ ಕರೆಂಟು

ಬೆಳಗಿನ ಬಿರುಗಾಳಿಗೆ ಬೀದಿಯ ಕರೆಂಟೆಲ್ಲ ಹೋಗಿತ್ತು. ತಿಪ್ಪೇಶಪ್ಪನ ಮನೆಯಲ್ಲಿ ಮಾತ್ರ ಟೀವಿ ಓಡುತ್ತಿತ್ತು. ಹೊಸದಾಗಿ ತಂದ ಸೋಲಾರ್ ಜನರೇಟರಿನ ಪ್ರತಾಪವದು. ಕ್ರಿಕೆಟ್ ಫೈನಲ್ ನೋಡಲು ಬೀದಿಯ ಅರ್ಧ ಜನ ಅವನ ಹಾಲ್‌ನಲ್ಲೇ ಠಿಕಾಣಿ ಹೂಡಿದ್ದರು.

"ಸದ್ದಿಲ್ಲ, ಹೊಗೆಯಿಲ್ಲ, ಪೆಟ್ರೋಲ್ ಕೇಳಂಗಿಲ್ಲ. ಬಿಸಿಲು ಕುಡಿದು ಕರೆಂಟು ಕೊಡ್ತೈತೆ," ಎಂದು ಅವನು ಬಂದವರಿಗೆಲ್ಲ ಎದೆಯುಬ್ಬಿಸಿ ವಿವರಿಸುತ್ತಿದ್ದ.

ಹೆಂಡತಿ ಸರ್ವಮಂಗಳ ಮತ್ತೊಂದು ಸುತ್ತು ಚಹಾ ಕೊಟ್ಟು ಬಂದು, ಅವನನ್ನು ಅಡುಗೆಮನೆಗೆ ಎಳೆದಳು. "ಹಾಲು ಖಾಲಿ. ಬೀದಿಗೆ ಕರೆಂಟು ಬರೋತನಕ ಇವ್ರು ಯಾರೂ ಏಳಂಗಿಲ್ಲ. ಮೊದ್ಲು ಕರೆಂಟ್ ಆಫೀಸಿಗೆ ಫೋನ್ ಮಾಡ್ರಿ."

ಅವನು ಫೋನ್ ಮಾಡಿ ದಬಾಯಿಸಿದ.

"ಸಣ್ಣ ಫ್ಯೂಸ್ ಕೆಲಸ ಸಾರ್," ಅಂದರು ಆ ಕಡೆಯವರು. "ಲೈನ್‌ಮನ್ ಆಗಲೇ ನಿಮ್ಮ ಬೀದಿಗೆ ಬಂದಾನಲ್ಲ! ಇರಿ, ಈಗಲೇ ಅವನನ್ನ ವಿಚಾರಿಸ್ತೀನಿ."

ಫೋನ್ ಇಟ್ಟು ತಿಪ್ಪೇಶಪ್ಪ ನೆಮ್ಮದಿಯಿಂದ ಹಾಲ್‌ಗೆ ಬಂದ. ಜನರೇಟರಿಗೆ ಸಿಕ್ಕಿಸಿದ್ದ ಮೊಬೈಲುಗಳಲ್ಲೊಂದು ಬಡಿದುಕೊಳ್ಳತೊಡಗಿತು.

ಎಲ್ಲರಿಗಿಂತ ಮುಂದೆ ಕುಳಿತು ಚಹಾ ಹೀರುತ್ತಿದ್ದ ಖಾಕಿ ಅಂಗಿಯವನು ಟೀವಿಯಿಂದ ಕಣ್ಣು ಕೀಳದೆ ಹೇಳಿದ: "ಯಾರೂ ಎತ್ತಬೇಡ್ರಿ, ನಮ್ಮ ಆಫೀಸಿನೋರು. ಮ್ಯಾಚ್ ಮುಗೀಲಿ, ಹೋಗಿ ಫ್ಯೂಸ್ ಹಾಕ್ತೀನಿ."