ಚಿಕ್ಕಪ್ಪನ ಪುಸ್ತಕದಲ್ಲಿ ಅಮ್ಮ

ಈಗಲೂ ಮೊಮ್ಮಗಳಿಗೆ ಪೆನ್ಸಿಲ್ ಕೆತ್ತಿಕೊಡುವಾಗ ಏಳುವ ವಾಸನೆಗೆ ಗುಬ್ಬಿಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಜ್ವರದಲ್ಲಿ ತೀರಿಕೊಂಡಿದ್ದಳು. ತಿಥಿಯ ದಿನ ಇಡಲು ಅವಳದೊಂದು ಫೋಟೋ ಇರಲಿಲ್ಲ. ಚಿಕ್ಕಪ್ಪ ಹೋದಲ್ಲೆಲ್ಲ ಚಿತ್ರ ಬರೆಯುವ ಪುಸ್ತಕ ಒಯ್ಯುತ್ತಿದ್ದ. ಕುಣಿಗಲ್ ಕೆರೆ ಏರಿ, ತುಮಕೂರು ಬಸ್ಸಿನಲ್ಲಿ ತೂಕಡಿಸುವವರು, ನಮ್ಮ ಹಿತ್ತಿಲು, ಎಲ್ಲವೂ ಅದರಲ್ಲಿದ್ದವು.

“ನಿನ್ ಬುಕ್ಕಲ್ಲಿ ಅವ್ಳಿಲ್ವೇನ್ಲಾ?” ಎಂದಳು ಅಜ್ಜಿ.

ಚಿಕ್ಕಪ್ಪ ಹಾಳೆ ತಿರುವಿದ. ಅಮ್ಮ ಬೇಕಾದಷ್ಟು ಕಡೆ ಇದ್ದಳು. ಒಲೆ ಊದುತ್ತಾ, ರಾಗಿ ಕೇರುತ್ತಾ, ನನ್ನ ತಲೆ ಬಾಚುತ್ತಾ. ಎಲ್ಲದರಲ್ಲೂ ಮುಖ ಬಗ್ಗಿತ್ತು, ಇಲ್ಲವೇ ಅತ್ತ ತಿರುಗಿತ್ತು.

“ಅತ್ತಿಗೆ ಒಂದ್ ಗಳಿಗೆ ಸುಮ್ನೆ ಕೂರ್ತಿರ್ಲಿಲ್ಲ ಕಣವ್ವ,” ಎಂದ.

ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡ. “ನಿಂಗೆ ನಿಮ್ಮಮ್ಮಂದೇ ಕಣ್ಣು ಕಣೇ. ಅಲ್ಲಾಡ್ಬೇಡ.” ಬರೆದ, ಅಳಿಸಿದ, ಮತ್ತೆ ಬರೆದ. ಕಾಗದ ಸವೆದು ತೆಳ್ಳಗಾಯಿತು. ಕೊನೆಗೆ ಹಾಳೆಯನ್ನು ಪುಸ್ತಕದಿಂದ ಹರಿದು ಅಪ್ಪನ ಕೈಗೆ ಕೊಟ್ಟ.

ಅಪ್ಪ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. “ಇದು ಮಗೂ ಕಣೋ, ಅವ್ಳಲ್ಲ,” ಎಂದು ವಾಪಸು ಕೊಟ್ಟು ಹಿತ್ತಿಲಿಗೆ ಹೋದರು.

ಚಿಕ್ಕಪ್ಪ ನನ್ನ ಮುಖವನ್ನು ಪೂರ್ತಿಯಾಗಿ ಬರೆದದ್ದು ಅದೇ ಮೊದಲು. ನಾನು ಆ ಹಾಳೆ ಕಸಿದುಕೊಂಡು, ಪಕ್ಕದ ಮನೆಯವರಿಗೆಲ್ಲ ತೋರಿಸಲು ಖುಷಿಯಿಂದ ಓಡಿದೆ.