ಮುನಿಲಕ್ಷ್ಮಿ ಕೇಳಿದ ಪ್ರಶ್ನೆ

"ಸಾರ್, ನಾನು ಎಲ್ಲಾನೂ ನಾಳೆ ನಾಳೆ ಅಂತ ತಳ್ತೀನಿ. ನನ್ನಂತೋರು ಮುಂದಕ್ಕೆ ಬರಾಕೆ ಆಯ್ತದಾ?"

ಹತ್ತನೇ ತರಗತಿಯ ಮುನಿಲಕ್ಷ್ಮಿ ಎದ್ದು ನಿಂತು ಮನೆಯ ಕನ್ನಡದಲ್ಲೇ ಕೇಳಿಬಿಟ್ಟಳು. ತಮಿಳುನಾಡಿನ ಸೇಲಂ ಕಡೆಯ ನಂಗವಳ್ಳಿ ಶಾಲೆಯ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ತಾನು ಓದಿದ ಶಾಲೆಗೆ ಅತಿಥಿಯಾಗಿ ಬಂದಿದ್ದ ತಹಸೀಲ್ದಾರ್ ತಿಮ್ಮರಾಜು ಮಾತ್ರ ನಗಲಿಲ್ಲ. ಆಗುತ್ತದೆ ಎನ್ನಲು ಅವನೇ ಸಾಕ್ಷಿಯಾಗಿದ್ದ. ಪರೀಕ್ಷೆ ತಲೆಯ ಮೇಲೆ ಬಂದು ಕೂರುವವರೆಗೆ ಅವನು ಎಂದೂ ಪುಸ್ತಕ ಬಿಡಿಸಿದವನಲ್ಲ. ಸರ್ಕಾರಿ ಕೆಲಸದ ಪರೀಕ್ಷೆಗೂ ಸೇಲಂ ಬಸ್ಸಿನಲ್ಲಿ ನಿಂತುಕೊಂಡೇ ಓದಿ ಗೆದ್ದಿದ್ದ. "ಖಂಡಿತ ಆಯ್ತದಮ್ಮಾ" ಎನ್ನಲು ಮೈಕು ಎತ್ತಿದ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಅವನ ತಾಯಿ ಮಾರಿಯಮ್ಮ, ಕತ್ತನ್ನು ಪೂರಾ ಹೊರಳಿಸಿ ಎಡಗಣ್ಣಿನಿಂದ ಅವನನ್ನು ನೋಡಿದಳು. ಬಲಗಣ್ಣು ಮಂಜಾಗುತ್ತಿದೆ ಎಂದು ಅವಳು ಹೇಳಿದಾಗಲೆಲ್ಲ ಅವನು, ಬರುವ ವಾರ ಆಸ್ಪತ್ರೆಗೆ ಹೋಗೋಣ ಎನ್ನುತ್ತಲೇ ಬಂದಿದ್ದ. ಕೊನೆಗೊಮ್ಮೆ ಕರೆದುಕೊಂಡು ಹೋದಾಗ ಡಾಕ್ಟರು, ಮೊದಲೇ ಬಂದಿದ್ದರೆ ಕಣ್ಣು ಉಳಿಯುತ್ತಿತ್ತು ಎಂದಿದ್ದರು. ಮಾರಿಯಮ್ಮ ಅದನ್ನು ಒಂದು ದಿನವೂ ಎತ್ತಿ ಆಡಿರಲಿಲ್ಲ.

"ಯಾಕ್ಲಾ ಸುಮ್ಕೆ ನಿಂತ್ಬುಟ್ಟೆ? ಆ ಮಗು ಕೇಳ್ತಾ ಐತಲ್ಲ, ಏನಾರ ಏಳ್ಲಾ" ಎಂದು ತಾಯಿ ಹೆಮ್ಮೆಯಿಂದ ನಕ್ಕಳು.

ಹುಡುಗಿ ಇನ್ನೂ ನಿಂತೇ ಇದ್ದಳು. ತಿಮ್ಮರಾಜು ಅವಳನ್ನು ನೋಡಿದ, ತಾಯಿಯನ್ನು ನೋಡಿದ. ಹೌದು ಎಂದರೂ ಸುಳ್ಳು, ಇಲ್ಲ ಎಂದರೂ ಸುಳ್ಳು ಎನಿಸಿತು.

"ನಂಗೆ ಗೊತ್ತಾಗ್ತಾ ಇಲ್ಲ ಕಣಮ್ಮಾ" ಎಂದ. ಆ ಮಾತನ್ನು ಹುಡುಗಿಗೆ ಹೇಳಿದೆನೋ ಅಮ್ಮನಿಗೆ ಹೇಳಿದೆನೋ, ಅದೂ ಅವನಿಗೆ ಗೊತ್ತಾಗಲಿಲ್ಲ.